ಕಾವಲು, ಗೋಮಾಳ ಮತ್ತು ದನಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ದನಗಾಹಿಗಳು, ಕಾಫಿ ತೋಟದ ಮಾಲೀಕರು, ಪಂಚಾಯಿತಿ ಸದಸ್ಯರು ಹಾಗೂ ವಿದ್ಯಾರ್ಥಿಗಳು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇರಿಸಲಾಗಿದೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಇಲ್ಲಿ ಕಾವಲು ಎಂದರೆ ದನಗಳ ಮೇವಿಗೆಂದು ಹಿಂದೆ ಅರಸರು ಕಾಯ್ದಿರಿಸಿದ ಬಯಲು ಹುಲ್ಲುಗಾವಲು; ಗೋಮಾಳ ಎಂದರೆ ಊರಿನ ದನಗಳು ಮೇಯಲು ಬಿಟ್ಟ ಸರ್ಕಾರಿ ನೆಲ.

## ಆರಂಭದ ಪ್ರಶ್ನೆಗಳು

ದನ ಮೇಯಿಸಿದರೆ ಕಾಡು ಹಾಳಾಗುತ್ತೆ ಅಂತ ಅರಣ್ಯದವರು ಹೇಳ್ತಾರೆ. ದನ ಮೇಯದಿದ್ದರೆ ಹುಲ್ಲುಗಾವಲು ಹಾಳಾಗುತ್ತೆ ಅಂತ ನೀವು ಹೇಳ್ತೀರಿ. ಯಾರ ಮಾತು ನಿಜ?

ಎರಡು ಮಾತುಗಳೂ ನಿಜವೇ, ಆದರೆ ಅವು ಬೇರೆ ಬೇರೆ ನೆಲಕ್ಕೆ ಸಂಬಂಧಿಸಿದವು. ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯ ಮಳೆಕಾಡಿನಲ್ಲಿ ಮತ್ತು ಬೆಟ್ಟದ ಮಡಿಲಿನ ಶೋಲಾಗಳಲ್ಲಿ (ಹುಲ್ಲುಬೆಟ್ಟಗಳ ಕಣಿವೆಯ ದಟ್ಟ ಕಾಡು) ದನಗಳು ಎಳೆಯ ಸಸಿಗಳನ್ನು ತಿಂದು, ತುಳಿದು, ಕಾಡು ತನ್ನಷ್ಟಕ್ಕೆ ಬೆಳೆಯುವುದನ್ನು ತಡೆಯುತ್ತವೆ. ಅವು ತೆರೆದುಕೊಟ್ಟ ಜಾಗದಲ್ಲಿ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ನುಗ್ಗುತ್ತವೆ. ಬಾಬಾಬುಡನ್ ಗಿರಿಯ ಮಳೆನೆರಳಿನಲ್ಲಿರುವ ಕಡೂರು, ಅಜ್ಜಂಪುರ, ಅರಸೀಕೆರೆಯ ಬಯಲಿನ ಕಥೆ ಬೇರೆ. ಅಲ್ಲಿನ ಹುಲ್ಲು ಕೃಷ್ಣಮೃಗ ಮತ್ತು ದನ ಎರಡರ ಬಾಯಿಗೂ ತಲೆಮಾರುಗಳಿಂದ ಹೊಂದಿಕೊಂಡು ಬಂದಿದೆ. ಅಲ್ಲಿ ಬಾನಾಡಿ, ನೆಲಗುಬ್ಬಿ, ಟಿಟ್ಟಿಭಗಳಿಗೆ ಮೇದು ಗಿಡ್ಡವಾದ ಹುಲ್ಲು ಬೇಕು; ಗೌಜುಗ, ಲಾವುಗೆಗಳಿಗೂ ಚಳಿಗಾಲದಲ್ಲಿ ವಲಸೆ ಬಂದು ನೆಲದ ಮೇಲೆಯೇ ರಾತ್ರಿ ಕಳೆಯುವ ಹ್ಯಾರಿಯರ್ ಜಾತಿಯ ಗಿಡುಗಗಳಿಗೂ ಎತ್ತರದ ಹುಲ್ಲು ಬೇಕು. ಕಾವಲಿನ ಒಂದು ಭಾಗ ಮೇದು, ಇನ್ನೊಂದು ಭಾಗ ಬಿಟ್ಟು ಇದ್ದರೆ ಮಾತ್ರ ಇವೆಲ್ಲವೂ ಒಂದೇ ಕಡೆ ಉಳಿಯುತ್ತವೆ. ಆದ್ದರಿಂದ ಕೇಳಬೇಕಾದದ್ದು ದನ ಬೇಕೋ ಬೇಡವೋ ಎಂದಲ್ಲ. ಎಷ್ಟು ದನ, ಯಾವ ನೆಲದಲ್ಲಿ, ಯಾವ ತಿಂಗಳಲ್ಲಿ ಎಂದು.

ಕಾವಲು ಅಂದರೆ ಬೀಳು ಭೂಮಿ ತಾನೇ? ಅಲ್ಲಿ ಉಳಿಸೋಕೆ ಏನಿದೆ?

ಮರವಿಲ್ಲದ ನೆಲವೆಲ್ಲ ಬೀಳು ಎಂಬ ಎಣಿಕೆ ಕಂದಾಯದ ಕಡತಗಳಿಂದ ಬಂದದ್ದು. ಕಡತದಲ್ಲಿ ಬೆಳೆ ಮತ್ತು ಮರಕ್ಕೆ ಮಾತ್ರ ಲೆಕ್ಕವಿತ್ತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ ಬೆಳಗಿನ ಹೊತ್ತು ಹೋದವರಿಗೆ ಕೃಷ್ಣಮೃಗದ ಹಿಂಡು ಕಾಣುತ್ತದೆ. ಸುಮಾರು 7 ಚದರ ಕಿಲೋಮೀಟರ್ ವಿಸ್ತಾರದ ಈ ಕಾವಲನ್ನು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಇಂಥ ಬಯಲುಗಳು ತೋಳ, ನರಿ, ಮೊಲ, ಉಡಗಳಿಗೂ ನೆಲೆ. ಮಳೆನೀರನ್ನು ಇಂಗಿಸಿ ಕೆಳಗಿನ ಕೆರೆಗಳಿಗೆ ಕಳಿಸುವ ಕೆಲಸವನ್ನು ಹುಲ್ಲಿನ ಬೇರಿನ ಜಾಲ ಸದ್ದಿಲ್ಲದೆ ಮಾಡುತ್ತಿರುತ್ತದೆ. ಅದನ್ನು ಉತ್ತ ಮೇಲೆಯೇ ಹೂಳಿನ ರೂಪದಲ್ಲಿ ಅದರ ಬೆಲೆ ತಿಳಿಯುತ್ತದೆ.

ಅಮೃತಮಹಲ್ ಕಾವಲುಗಳು ಹುಟ್ಟಿದ್ದು ಹೇಗೆ? ಹಳೆಯ ಪದ್ಧತಿಯಿಂದ ನಾವು ಕಲಿಯುವುದೇನಾದರೂ ಇದೆಯೇ?

ಮೈಸೂರಿನ ಚಿಕ್ಕದೇವರಾಜ ಒಡೆಯರು (1672–1704) ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳ ಹಿಂಡುಗಳನ್ನು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ಸಂಘಟಿಸಿ, ಅವುಗಳಿಗೆಂದು ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಕಾಯ್ದಿರಿಸಿದರು. ಹೈದರಾಲಿ ಈ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದನು. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿಟ್ಟು ಸಾಕಣೆಯ ನಿಯಮಗಳನ್ನು ಬರೆಯಿಸಿದನು. 1799ರ ನಂತರ ಹಿಂಡುಗಳು ಬ್ರಿಟಿಷರ ಕೈಸೇರಿದವು. ಖರ್ಚು ಉಳಿಸಲೆಂದು 1860ರಲ್ಲಿ ಅವರು ಅವನ್ನು ಮಾರಿಹಾಕಿ, ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದ್ದು, ಅಲ್ಲಿ ನಡೆಯುವ ಹೋರಿಕರುಗಳ ಹರಾಜಿಗೆ ದೂರದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ.

ನಮಗೆ ಮುಖ್ಯವಾದದ್ದು ಆ ಕಾವಲುಗಳ ವಿಂಗಡಣೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಮೂರು ಬಗೆ ಇದ್ದವು. ಬೇಸಿಗೆ ಕಾವಲುಗಳೆಂದರೆ ಬಹುಮಟ್ಟಿಗೆ ನೀರು ಇಳಿದ ಮೇಲೆ ಹುಲ್ಲು ಚಿಗುರುವ ಕೆರೆಯಂಗಳಗಳು, ಮಧ್ಯಾಹ್ನ ನಿಲ್ಲಲು ಮರದ ನೆರಳಿರುವ ಜಾಗಗಳು. ಉಳಿದ ಕಾಲದಲ್ಲಿ ಅವನ್ನು ಬಹಳ ಎಚ್ಚರಿಕೆಯಿಂದ ಮುಚ್ಚಿಡಲಾಗುತ್ತಿತ್ತು. ಹಿಂಡುಗಳು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆದುಹೋಗುತ್ತಿದ್ದುದರಿಂದ ಪ್ರತಿಯೊಂದು ಕಾವಲಿಗೂ ವರ್ಷದಲ್ಲಿ ಹಲವು ತಿಂಗಳು ಬಿಡುವು ಸಿಗುತ್ತಿತ್ತು. ಸರದಿ ಮೇಯಿಸುವಿಕೆ ಎಂದು ಇಂದು ತರಬೇತಿ ಶಿಬಿರಗಳಲ್ಲಿ ಹೊಸದಾಗಿ ಹೇಳಿಕೊಡುವ ವಿಷಯ ಈ ಸೀಮೆಯಲ್ಲಿ ರಾಜ್ಯವೊಂದರ ಆಡಳಿತ ಕ್ರಮವೇ ಆಗಿತ್ತು. ಒತ್ತುವರಿ, ಮಂಜೂರಾತಿ, ನೆಡುತೋಪುಗಳಿಂದ ಕಾವಲುಗಳ ವಿಸ್ತಾರ ಕುಗ್ಗಿದ್ದು ಎಲ್ಲರಿಗೂ ಕಾಣುವ ನಷ್ಟ. ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುವ ದಾರಿ ತುಂಡಾಗಿ ಬಿಡುವಿನ ಕ್ರಮವೇ ಮುರಿದದ್ದು ಅದಕ್ಕಿಂತ ದೊಡ್ಡ ನಷ್ಟವೆಂದು ನನಗೆ ಅನ್ನಿಸುತ್ತದೆ.

ಬ್ರೆಜಿಲ್‌ನಲ್ಲಿ ದನಕ್ಕಾಗಿ ಕಾಡು ಕಡೀತಾರಂತೆ. ನಾವೂ ದನ ಸಾಕೋದು ಬಿಡಬೇಕಾ?

ಅಮೆಜಾನ್ ಕಾಡಿನ ನಾಶಕ್ಕೆ ಮಾಂಸದ ದನಗಳ ಹುಲ್ಲುಗಾವಲು ಬಹುದೊಡ್ಡ ಕಾರಣವೆಂಬುದು ನಿಜ. ಅಲ್ಲಿ ಮಳೆಕಾಡನ್ನು ಕಡಿದು ಹುಲ್ಲು ಬೆಳೆಸುತ್ತಾರೆ. ನಮ್ಮ ಬಯಲಿನಲ್ಲಿ ತಾನಾಗಿ ಇರುವ ಹುಲ್ಲನ್ನು ಅಗೆದು ಮರ ನೆಡುತ್ತೇವೆ, ಇಲ್ಲವೇ ಉಳುತ್ತೇವೆ. ದನ ಬಿಟ್ಟು ಮರ ಬೆಳೆಸುವ ಅಲ್ಲಿನ ಪರಿಹಾರವನ್ನು ಇಲ್ಲಿಗೆ ತಂದರೆ ಇದ್ದ ಹುಲ್ಲುಗಾವಲೂ ಹೋಗುತ್ತದೆ.

## ಹುಲ್ಲು ಮತ್ತು ಮೇಯಿಸುವ ಕ್ರಮ

ಎಷ್ಟು ದನಕ್ಕೆ ಎಷ್ಟು ಎಕರೆ ಗೋಮಾಳ ಇರಬೇಕು?

ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಊರಿನ ಪ್ರತಿ 100 ರಾಸುಗಳಿಗೆ 30 ಎಕರೆಯಂತೆ, ಅಂದರೆ ಸುಮಾರು 12 ಹೆಕ್ಟೇರ್, ಗೋಮಾಳ ಇರಬೇಕು. ಅನೇಕ ಊರುಗಳಲ್ಲಿ ಫಾರಂ 50, 53, 57ರಡಿ ಅನಧಿಕೃತ ಸಾಗುವಳಿಯನ್ನು (ಬಗರ್‌ಹುಕುಂ) ಸಕ್ರಮಗೊಳಿಸಿದ ನಂತರ ಅಷ್ಟೂ ಉಳಿದಿಲ್ಲ. ಆದರೆ ಈ ಪ್ರಮಾಣವನ್ನು ಮೇವಿನ ಲೆಕ್ಕವೆಂದು ತಿಳಿಯಬಾರದು. 300 ಕಿಲೋ ತೂಕದ ಒಂದು ಹಸು ದಿನಕ್ಕೆ ತನ್ನ ತೂಕದ ಶೇಕಡಾ 2.5ರಷ್ಟು, ಅಂದರೆ ಸುಮಾರು 7.5 ಕಿಲೋ ಒಣಮೇವು ತಿನ್ನುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ 2.7 ಟನ್ ಆಗುತ್ತದೆ. 100 ಹಸುಗಳಿಗೆ 270 ಟನ್. ಇದೆಲ್ಲವೂ 12 ಹೆಕ್ಟೇರಿನಿಂದಲೇ ಬರಬೇಕಾದರೆ ಹೆಕ್ಟೇರಿಗೆ 22 ಟನ್‌ಗಿಂತ ಹೆಚ್ಚು ಒಣಹುಲ್ಲು ಬೆಳೆಯಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಸೀಮೆಯ ಹುಲ್ಲುಗಾವಲು ಕೆಲವೇ ಟನ್ ಕೊಡುತ್ತದೆ, ಅದರಲ್ಲಿಯೂ ಅರ್ಧದಷ್ಟನ್ನು ಬೇರಿನ ಶಕ್ತಿಗೂ ಬೀಜಕ್ಕೂ ಬಿಡಬೇಕು. ಹೀಗಾಗಿ ಗೋಮಾಳವು ವರ್ಷದ ಕೆಲವು ತಿಂಗಳ ಮೇವು ಮಾತ್ರ. ಉಳಿದದ್ದು ರಾಗಿ ಹುಲ್ಲು, ಜೋಳದ ಕಡ್ಡಿ, ಬೆಳೆಸಿದ ಹಸಿಮೇವುಗಳಿಂದಲೇ ಬರಬೇಕು.

ನಮ್ಮೂರ ಗೋಮಾಳದಲ್ಲಿ ಹುಲ್ಲೇ ಇಲ್ಲ, ಬರೀ ಕಾಂಗ್ರೆಸ್ ಗಿಡ. ಎಲ್ಲಿಂದ ಶುರು ಮಾಡೋದು?

ಬಿತ್ತನೆ ಬೀಜ ತರುವುದಕ್ಕಿಂತ ಮೊದಲು ನೆಲಕ್ಕೆ ಬಿಡುವು ಕೊಡಬೇಕು. ಮುಂಗಾರಿನ ಮೊದಲ ಮಳೆಗೆ ಹುಲ್ಲು ಚಿಗುರಿದಾಗ ಅದು ಬೇರಿನಲ್ಲಿ ಕೂಡಿಟ್ಟ ಶಕ್ತಿಯನ್ನು ಬಳಸಿ ಮೇಲೆ ಬಂದಿರುತ್ತದೆ. ಆ ವಾರಗಳಲ್ಲಿ ದನ ಬಿಟ್ಟರೆ ಬುಡವೇ ಸೊರಗುತ್ತದೆ. ಗೋಮಾಳವನ್ನು ಮೂರು ಅಥವಾ ನಾಲ್ಕು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗವನ್ನು ಮುಂಗಾರಿನಿಂದ ಹುಲ್ಲಿನ ಬೀಜ ಉದುರುವ ತನಕ ಪೂರ್ತಿಯಾಗಿ ಮುಚ್ಚಿ, ನಂತರ ಒಣಹುಲ್ಲನ್ನು ಕೊಯ್ದು ಹಂಚಿಕೊಳ್ಳುವುದು ಸರಳವಾದ ಕ್ರಮ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ಮಣ್ಣು ಹಸಿಯಾಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು. ಟ್ರ್ಯಾಕ್ಟರ್‌ನಿಂದ ಉಳುವುದು ಬೇಡ. ಉತ್ತ ನೆಲದಲ್ಲಿ ಮೊದಲು ಬರುವುದು ಅದೇ ಗಿಡ.

ಬೇಲಿಗಿಂತ ಒಪ್ಪಂದ ಮುಖ್ಯ. ಊರಿನವರಷ್ಟೇ ಕೂತು ತೀರ್ಮಾನಿಸಿದರೆ ಸಾಲದು, ಸುಗ್ಗಿಯ ನಂತರ ಕುರಿಮಂದೆಯೊಂದಿಗೆ ಬರುವ ಕುರಿಗಾಹಿಗಳನ್ನೂ ಕರೆಯಬೇಕು. ಅವರನ್ನು ಹೊರಗಿಟ್ಟು ಮಾಡಿದ ನಿಯಮ ಮೊದಲ ವರ್ಷವೇ ಮುರಿಯುತ್ತದೆ.

ಬೇಸಿಗೇಲಿ ಬೆಟ್ಟದ ಹುಲ್ಲಿಗೆ ಬೆಂಕಿ ಕೊಟ್ಟರೆ ಹೊಸ ಚಿಗುರು ಬರುತ್ತಲ್ಲ, ತಪ್ಪೇನು?

ಚಿಗುರು ಬರುವುದು ನಿಜ, ಆದರೆ ಬೆಂಕಿಯ ಬೆಲೆಯನ್ನು ಬೇರೆಯವರು ತೆರುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಂದ್ರದ್ರೋಣ (ಬಾಬಾಬುಡನ್ ಗಿರಿ) ಶ್ರೇಣಿಯಲ್ಲಿ ಹತ್ತಿದ ಬೆಂಕಿ ಗಾಳಿಗೆ ಸಿಕ್ಕಿ ಶೋಲಾದ ಅಂಚನ್ನು ಸುಡುತ್ತದೆ. ಅಂಚು ಹಿಂದೆ ಸರಿದಷ್ಟೂ ಕೆಳಗಿನ ಹಳ್ಳಗಳ ನೀರು ಬೇಗ ಬತ್ತುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಓತಿಕೇತ, ಆಮೆ ಯಾವುದೂ ಉಳಿಯುವುದಿಲ್ಲ. ವರ್ಷ ವರ್ಷವೂ ಸುಟ್ಟ ಜಾಗದಲ್ಲಿ ದನ ತಿನ್ನದ ಒರಟು ಹುಲ್ಲೇ ಹೆಚ್ಚುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಡಿ ಅಪರಾಧವೂ ಹೌದು. ಮಳೆಗಾಲದ ಕೊನೆಯಲ್ಲಿ ಕೊಯ್ದು ಬಣವೆ ಒಟ್ಟಿದ ಹುಲ್ಲು ಬೇಸಿಗೆಯ ಚಿಗುರಿಗಿಂತ ಹೆಚ್ಚು ದನಗಳನ್ನು ಸಾಕುತ್ತದೆ.

ಬೋಳು ಕಾವಲಿನಲ್ಲಿ ಗಿಡ ನೆಟ್ಟರೆ ಪುಣ್ಯದ ಕೆಲಸ ಅಲ್ಲವೇ?

ಬಯಲು ಕಾವಲಿನಲ್ಲಿ ಅಲ್ಲ. ನೀಲಗಿರಿ ಮತ್ತು ಅಕೇಸಿಯಾ ತೋಪು ಬೆಳೆದ ಮೇಲೆ ಅದರ ನೆರಳಿಗೆ ಹುಲ್ಲು ಸಾಯುತ್ತದೆ. ದೂರದವರೆಗೆ ಕಣ್ಣು ಹಾಯಿಸಿ, ಓಡಿ ಪಾರಾಗುವ ಕೃಷ್ಣಮೃಗ ದಟ್ಟ ತೋಪನ್ನು ಬಿಟ್ಟು ಹೋಗುತ್ತದೆ. ಸಸಿಗಳಿಗಿಂತ ಹೆಚ್ಚು ಹಾನಿ ಮಾಡುವುದು ಅವನ್ನು ನೆಡಲು ಜೆಸಿಬಿಯಿಂದ ಸಾಲುಸಾಲಾಗಿ ತೋಡುವ ಕಾಲುವೆಗಳು. ಗಿಡ ಒಣಗಿದ ಮೇಲೂ ಕಾಲುವೆ ಉಳಿಯುತ್ತದೆ, ಅಗೆದ ಮಣ್ಣಿನಲ್ಲಿ ಕಳೆ ನೆಲೆಯೂರುತ್ತದೆ. ಹೊಲದ ಬದು, ಕೆರೆ ಏರಿ, ಹಳ್ಳದ ದಂಡೆ, ಊರ ಮುಂದಿನ ಕಟ್ಟೆಗಳಲ್ಲಿ ಅತ್ತಿ, ಬಸರಿ, ಹಲಸು, ಹೊಂಗೆ ನೆಡಲು ಬೇಕಾದಷ್ಟು ಜಾಗವಿದೆ. ಪರಿಸರ ದಿನದ ಉತ್ಸಾಹವನ್ನು ಅತ್ತ ತಿರುಗಿಸುವುದು ಒಳ್ಳೆಯದು.

## ತಳಿ, ಔಷಧ, ಗೊಬ್ಬರ

ಮಲೆನಾಡು ಗಿಡ್ಡ ಸಾಕಿ ಅಂತೀರಿ. ಡೇರಿಗೆ ಹಾಕೋಷ್ಟು ಹಾಲು ಎಲ್ಲಿ ಬರುತ್ತೆ?

ಬರುವುದಿಲ್ಲ, ಮತ್ತು ಬರುತ್ತದೆಂದು ಹೇಳುವವರನ್ನು ನಂಬಬೇಡಿ. ಹಾಲಿನ ಆದಾಯವನ್ನೇ ನೆಚ್ಚಿಕೊಂಡ ಮನೆ ಒಂದೆರಡು ಮಿಶ್ರತಳಿ ಹಸುಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ, ಸ್ವಂತ ಜಮೀನಿನ ನೇಪಿಯರ್ ಹುಲ್ಲು, ಜೋಳದ ರಸಮೇವು, ಅಗಸೆ ಸೊಪ್ಪು ಹಾಕಿ ಸಾಕುವುದರಿಂದ ಕಾಡಿಗೂ ಹಾನಿಯಿಲ್ಲ. ಹಾಸನ ಜಿಲ್ಲೆಯ ಬಹುಪಾಲು ಡೇರಿ ಹಸುಗಳು ಹೀಗೆಯೇ ಇವೆ. ಗಿಡ್ಡ ತಳಿಯ ಲೆಕ್ಕ ಬೇರೆ: ಪುಟ್ಟ ಮೈ, ಕಡಿಮೆ ಮೇವು, ಸುರಿಯುವ ಮಳೆಯನ್ನೂ ಜಾರುವ ಇಳಿಜಾರನ್ನೂ ತಾಳಿಕೊಳ್ಳುವ ಗುಣ, ಔಷಧದ ಕಡಿಮೆ ಖರ್ಚು, ಮನೆಬಳಕೆಗೆ ಸಾಲುವಷ್ಟು ಹಾಲು, ತೋಟಕ್ಕೆ ಗೊಬ್ಬರ. ಬಯಲಿನಲ್ಲಿ ಅಮೃತಮಹಲ್ ಮತ್ತು ಹಳ್ಳಿಕಾರ್ ತಳಿಗಳಿಗೆ ಉಳುಮೆಯ ಎತ್ತಾಗಿ ಇದ್ದ ಬೇಡಿಕೆ ಟ್ರ್ಯಾಕ್ಟರ್‌ನಿಂದ ತಗ್ಗಿದೆಯಾದರೂ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಯ ಸುತ್ತ ಇಂದಿಗೂ ಜನ ನೆರೆಯುತ್ತಾರೆ. ಹಾಲೂ ಇಲ್ಲದೆ, ಉಳುಮೆಗೂ ಬಾರದೆ, ಹಗಲಿಡೀ ಕಾಡಿನ ಅಂಚಿನಲ್ಲಿ ಬಿಟ್ಟಿರುವ ದೊಡ್ಡ ಹಿಂಡುಗಳೇ ನೆಲಕ್ಕೆ ಹೆಚ್ಚು ಭಾರ.

ಜಂತಿನ ಔಷಧಿಗೂ ಹಕ್ಕಿಗಳಿಗೂ ಏನು ಸಂಬಂಧ ಸ್ವಾಮಿ?

ನೇರವಾದ ಸಂಬಂಧವಿದೆ. ಐವರ್ಮೆಕ್ಟಿನ್ ಕೊಟ್ಟ ದನದ ಸಗಣಿಯಲ್ಲಿ ಆ ಔಷಧದ ಅಂಶ ದಿನಗಟ್ಟಲೆ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಸಗಣಿಯನ್ನು ನೆಲದೊಳಗೆ ಹೂತು ಮಣ್ಣನ್ನು ಸಡಿಲಗೊಳಿಸುವ, ನೊಣಗಳ ಹುಟ್ಟನ್ನು ತಗ್ಗಿಸುವ ಈ ಜೀರುಂಡೆಗಳು ಹೋದರೆ ಅವನ್ನು ತಿನ್ನುವ ಕಾಜಾಣ, ಚಂದ್ರಮುಕುಟ, ಗೋವಕ್ಕಿಗಳಿಗೂ ಆಹಾರ ಕಡಿಮೆಯಾಗುತ್ತದೆ. ಹಾಗೆಂದು ಔಷಧವನ್ನೇ ಬಿಡಬೇಕಿಲ್ಲ: ಸಗಣಿ ಪರೀಕ್ಷೆ ಮಾಡಿಸಿ, ಅಗತ್ಯವಿರುವ ರಾಸಿಗೆ ಮಾತ್ರ ಕೊಟ್ಟು, ಕೆಲವು ದಿನ ಕೊಟ್ಟಿಗೆಯಲ್ಲಿಯೇ ಕಟ್ಟಿಕೊಂಡರೆ ಸಾಕು.

ಇದಕ್ಕಿಂತ ಭೀಕರವಾದದ್ದು ಡೈಕ್ಲೋಫೆನಾಕ್ ಎಂಬ ನೋವುನಿವಾರಕದ ಪ್ರಸಂಗ. ಅದನ್ನು ಕೊಟ್ಟ ಸ್ವಲ್ಪ ದಿನದಲ್ಲಿ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ಭಾರತದಲ್ಲಿ ಮೂರು ಜಾತಿಯ ರಣಹದ್ದುಗಳ ಸಂಖ್ಯೆ ಶೇಕಡಾ 95ಕ್ಕಿಂತ ಹೆಚ್ಚು ಕುಸಿಯಿತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ, ಅದೇ ಬಗೆಯ ನೋವುನಿವಾರಕಗಳಾದ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಲಾಗಿದೆ. ಅವುಗಳ ಬದಲಿಗೆ ಬಳಸಬಹುದಾದ ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ಸುರಕ್ಷಿತ. ಚುಚ್ಚುಮದ್ದು ಹಾಕಿಸುವಾಗ ಹೆಸರು ಕೇಳಿ ತಿಳಿದುಕೊಳ್ಳುವುದು ಮಾಲೀಕರ ಹಕ್ಕು.

ಕಾಫಿ ತೋಟಕ್ಕೆ ಕೊಟ್ಟಿಗೆ ಗೊಬ್ಬರವನ್ನು ಹೊರಗಿನಿಂದ ಲೋಡುಗಟ್ಟಲೆ ತರಿಸುತ್ತೇವೆ. ಅದರಲ್ಲಿ ತಪ್ಪಿದೆಯೇ?

ಎಲ್ಲಿಂದ ಬಂದ ಗೊಬ್ಬರ ಎಂಬುದರ ಮೇಲೆ ಇದು ನಿಂತಿದೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ, 1990ರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ, ತೋಟಗಳಿಗೆ ಸಗಣಿ ಮಾರುವುದೇ ಲಾಭದಾಯಕವಾಗಿ ದನಗಳ ಸಂಖ್ಯೆಯೂ ಕಾಡಿನೊಳಗಿನ ಮೇಯಿಸುವಿಕೆಯೂ ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ದೂರದ ದೇಶದಲ್ಲಿ ಕುಡಿಯುವ ಕಾಫಿಯ ಬೆಲೆಗೂ ಹುಲಿಕಾಡಿನ ಹುಲ್ಲಿಗೂ ಹೀಗೆ ನಂಟು ಬೆಳೆಯಿತು. ಕಾಡಿನ ಹುಲ್ಲು ಸಗಣಿಯಾಗಿ ಲಾರಿ ಹತ್ತಿ ಹೋದರೆ ಆ ಮಣ್ಣಿನ ಸತ್ವವೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕುವ ಡೇರಿ ಮನೆಗಳಿಂದ ಗೊಬ್ಬರ ಕೊಳ್ಳಿರಿ, ಕಾಡಂಚಿನಲ್ಲಿ ಗುಡಿಸಿ ತಂದದ್ದನ್ನು ಬೇಡವೆನ್ನಿರಿ. ಪೂರ್ತಿ ಕಳಿಯದ ಗೊಬ್ಬರದೊಂದಿಗೆ ಕಳೆಯ ಬೀಜವೂ ತೋಟಕ್ಕೆ ಬರುತ್ತದೆ.

## ಕಾಡುಪ್ರಾಣಿ, ರೋಗ, ಕಾನೂನು

ಚಿರತೆ ಕರು ಹಿಡಿದರೆ ಏನು ಮಾಡಬೇಕು?

ಕಳೇಬರವನ್ನು ಅಲ್ಲಿಂದ ಕದಲಿಸದೆ, ಫೋಟೊ ತೆಗೆದುಕೊಂಡು, ಹತ್ತಿರದ ವಲಯ ಅರಣ್ಯ ಕಚೇರಿಗೆ ಕೂಡಲೇ ತಿಳಿಸಿ. ಸ್ಥಳ ಪರಿಶೀಲನೆ ಮತ್ತು ಪಶುವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಪರಿಹಾರ ಮಂಜೂರಾಗುತ್ತದೆ. ಸತ್ತ ಕರುವಿಗೆ ವಿಷ ಸವರುವುದು ಅಪರಾಧವಷ್ಟೇ ಅಲ್ಲ, ನರಿ, ಹದ್ದು, ಊರ ನಾಯಿಗಳೂ ಅದಕ್ಕೆ ಬಲಿಯಾಗುತ್ತವೆ. ಕರು ಮತ್ತು ಕುರಿಗಳನ್ನು ರಾತ್ರಿ ಬಾಗಿಲಿರುವ ಕೊಟ್ಟಿಗೆಯಲ್ಲಿ ಅಥವಾ ಎತ್ತರದ ರೊಪ್ಪದಲ್ಲಿ ಕೂಡಿಹಾಕುವುದರಿಂದ ಬಹಳಷ್ಟು ನಷ್ಟ ತಪ್ಪುತ್ತದೆ. ಬಯಲು ಕಾವಲಿನಲ್ಲಿ ತೋಳದ ಕಾಟ ಮುಖ್ಯವಾಗಿ ಕುರಿಮಂದೆಗಳಿಗೆ. ಅಲ್ಲಿ ಕಾವಲು ನಾಯಿ ಬೇಕೇ ಬೇಕು, ಆದರೆ ಅದಕ್ಕೆ ಲಸಿಕೆ ಹಾಕಿಸಿರಬೇಕು ಮತ್ತು ಅದು ಮಂದೆ ಬಿಟ್ಟು ಕೃಷ್ಣಮೃಗದ ಮರಿಗಳ ಹಿಂದೆ ಓಡದಂತೆ ನೋಡಿಕೊಳ್ಳಬೇಕು.

ದನದ ರೋಗ ಕಾಟಿಗಳಿಗೂ ಬರುತ್ತಾ?

ಬರುತ್ತದೆ, ಮತ್ತು ಚಿಕ್ಕಮಗಳೂರಿಗೆ ಇದರ ಕಹಿ ಅನುಭವವಿದೆ. 1989ರ ಸುಮಾರಿಗೆ ಹರಡಿದ ದೊಡ್ಡರೋಗದಿಂದ (ರಿಂಡರ್‌ಪೆಸ್ಟ್) ಭದ್ರಾ ಅಭಯಾರಣ್ಯದ ಕಾಟಿಗಳ (ಕಾಡುಕೋಣಗಳ) ಸಂಖ್ಯೆ ಪಾತಾಳಕ್ಕೆ ಇಳಿದು, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು. ಕಾಲುಬಾಯಿ ಜ್ವರ ಇನ್ನೂ ಇದೆ. ಅದರ ಲಸಿಕೆಯನ್ನು ಸರ್ಕಾರ ವರ್ಷಕ್ಕೆ ಎರಡು ಬಾರಿ ಉಚಿತವಾಗಿ ಹಾಕುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 33ಎ ವಿಧಿಯು ಅಭಯಾರಣ್ಯದ ಒಳಗೂ ಅದರಿಂದ 5 ಕಿಲೋಮೀಟರ್ ಒಳಗೂ ಇರುವ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆಯನ್ನು ವನ್ಯಜೀವಿ ಅಧಿಕಾರಿಗಳ ಮೇಲೆ ಹೊರಿಸಿದೆ. ಲಸಿಕೆಯ ದಿನ ಗಿಡ್ಡ ದನಗಳು ಕಾಡಿನಲ್ಲಿರುತ್ತವೆ ಎಂಬ ಕಾರಣಕ್ಕೆ ಪಟ್ಟಿಯಿಂದ ಬಿಟ್ಟುಹೋಗುವುದು ಸಾಮಾನ್ಯ. ಕಾಟಿಯ ಬಳಿ ಮೇಯುವವು ಅವೇ ಆದ್ದರಿಂದ ಮೊದಲು ಅವಕ್ಕೇ ಹಾಕಿಸಬೇಕು.

ಮನುಷ್ಯರ ವಿಷಯದಲ್ಲಿ ಮಂಗನ ಕಾಯಿಲೆಯನ್ನೂ ನೆನಪಿಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗವನ್ನು ಹರಡುವ, ರಕ್ತ ಹೀರುವ ಉಣ್ಣೆಗಳು (ಉಣುಗುಗಳು) ದನದ ಮೈಮೇಲೆ ಹೇರಳವಾಗಿ ಬೆಳೆಯುತ್ತವೆ. ಕೊಪ್ಪ, ನರಸಿಂಹರಾಜಪುರ ಕಡೆಯವರು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ದನಗಳನ್ನು ಕಾಡಿಗೆ ಬಿಡದಿರುವುದು, ಬಿಟ್ಟರೆ ಪಶುವೈದ್ಯರ ಸಲಹೆಯಂತೆ ಉಣ್ಣೆಯ ಔಷಧ ಹಚ್ಚುವುದು ಕ್ಷೇಮ.

ಕುದುರೆಮುಖ, ಭದ್ರಾದೊಳಗೆ ನಮ್ಮಜ್ಜನ ಕಾಲದಿಂದ ಮೇಯಿಸುತ್ತಿದ್ದೆವು. ಬಾಸೂರಿನಲ್ಲಾದರೆ ಬಿಡುತ್ತಾರೆ, ಇಲ್ಲಿ ಯಾಕೆ ಬಿಡುವುದಿಲ್ಲ?

ಮೂರಕ್ಕೂ ಕಾನೂನಿನ ನೆಲೆ ಬೇರೆ. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಪೂರ್ತಿಯಾಗಿ ನಿಷೇಧಿಸುತ್ತದೆ. ಕುದುರೆಮುಖ 1987ರಲ್ಲಿ ಆ ವರ್ಗಕ್ಕೆ ಸೇರಿತು. ಅಭಯಾರಣ್ಯದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ ಅಥವಾ ನಿಲ್ಲಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಭದ್ರಾ ಅಭಯಾರಣ್ಯವಷ್ಟೇ ಅಲ್ಲ, 1998ರಿಂದ ಹುಲಿ ಯೋಜನೆಯ ಪ್ರದೇಶವೂ ಹೌದು. ಬಾಸೂರು ಕಾವಲು ಸೇರಿರುವ ಸಂರಕ್ಷಣಾ ಮೀಸಲು ಆ ಕಾಯ್ದೆಯ 2002ರ ತಿದ್ದುಪಡಿಯಿಂದ ಬಂದ ವರ್ಗ. ಅದನ್ನು ಸರ್ಕಾರಿ ಭೂಮಿಯಲ್ಲಿ, ಸ್ಥಳೀಯರೊಂದಿಗೆ ಸಮಾಲೋಚಿಸಿ ಘೋಷಿಸಬೇಕು. ಕಾವಲುಗಳಿಗೆ ಹೊಂದುವುದು ಈ ಕೊನೆಯದೇ. ದನವನ್ನೂ ದನಗಾಹಿಯನ್ನೂ ಪೂರ್ತಿ ಹೊರಗೆ ಹಾಕುವ ವರ್ಗವನ್ನು ಬಯಲಿನ ಹುಲ್ಲುಗಾವಲಿಗೆ ತರುವುದನ್ನು ನಾನು ಒಪ್ಪುವುದಿಲ್ಲ. ಮಳೆಕಾಡಿನ ವಿಷಯದಲ್ಲಿ ಮಾತ್ರ ನಿಷೇಧವೇ ಸರಿ.

ಗ್ರಾಮ ಪಂಚಾಯಿತಿಯಿಂದ ಏನಾದರೂ ಮಾಡಿಸಬಹುದಾ?

ಜೀವವೈವಿಧ್ಯ ಕಾಯ್ದೆ, 2002ರಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅನೇಕ ಕಡೆ ಇದು ಕಪಾಟಿನಲ್ಲಿಯೇ ಉಳಿದಿದೆ. ಗೋಮಾಳದ ಗಡಿ, ಹುಲ್ಲಿನ ಜಾತಿಗಳು, ದನಕಾಲು ದಾರಿಗಳು, ನೀರಿನ ಕಟ್ಟೆಗಳನ್ನು ಆ ದಾಖಲಾತಿಯಲ್ಲಿ ಬರೆಸಿದರೆ ಮುಂದೆ ಯಾರಾದರೂ ಮಂಜೂರಾತಿ ಕೇಳಿದಾಗ ಆಕ್ಷೇಪಣೆಗೆ ಆಧಾರ ಸಿಗುತ್ತದೆ. ಇದೇ ಕಾಯ್ದೆಯಡಿ ಕಡೂರು ತಾಲ್ಲೂಕಿನ ಹೊಗರೇಕಾನಿನ ಶೋಲಾ ಮತ್ತು ಹುಲ್ಲುಗಾವಲನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಗಿದೆ.

ದನದ ತೇಗಿನಿಂದ ಭೂಮಿ ಬಿಸಿಯಾಗುತ್ತೆ ಅಂತ ಓದಿದೆ. ಹುಲ್ಲುಗಾವಲು ಅದನ್ನು ಸರಿದೂಗಿಸುತ್ತಾ?

ಪೂರ್ತಿಯಾಗಿ ಸರಿದೂಗಿಸುವುದಿಲ್ಲ. ಮೆಲುಕು ಹಾಕುವಾಗ ಹೊರಬರುವ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖವನ್ನು ಹಿಡಿದಿಡುತ್ತದೆ. ಹುಲ್ಲುಗಾವಲು ತನ್ನ ಇಂಗಾಲವನ್ನು ಹೆಚ್ಚಾಗಿ ಬೇರು ಮತ್ತು ಮಣ್ಣಿನಲ್ಲಿ ಇಡುವುದರಿಂದ ಅದು ಬೆಂಕಿಗೆ ಸುಲಭವಾಗಿ ಸಿಗುವುದಿಲ್ಲ, ಉತ್ತರೆ ಮಾತ್ರ ಬಿಡುಗಡೆಯಾಗುತ್ತದೆ. ಇದು ಇರುವ ಹುಲ್ಲುಗಾವಲನ್ನು ಉಳಿಸಲು ಬಲವಾದ ಕಾರಣ. ದನಗಳ ಸಂಖ್ಯೆಯನ್ನು ಹೆಚ್ಚಿಸಲು ಕಾರಣವಲ್ಲ.

ನಮ್ಮ ಕಾವಲು ಸುಧಾರಿಸುತ್ತಿದೆ ಅಂತ ಗೊತ್ತಾಗೋದು ಹೇಗೆ?

ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಡುವುದು ಅತ್ಯಂತ ಅಗ್ಗದ ವಿಧಾನ. ಬರಿನೆಲ ಕಡಿಮೆಯಾಗಿ ಗರಿಕೆಯ ಜೊತೆ ಎತ್ತರಕ್ಕೆ ಬೆಳೆಯುವ ಬಹುವಾರ್ಷಿಕ ಹುಲ್ಲುಗಳು ಬುಡಕಟ್ಟಿಕೊಳ್ಳುತ್ತಿವೆಯೇ, ಸಗಣಿಯ ಕುಪ್ಪೆಗಳಲ್ಲಿ ಹುಳುಗಳು ತೋಡಿದ ತೂತುಗಳಿವೆಯೇ, ಮಳೆ ಬಂದ ಮರುದಿನ ಹಳ್ಳದ ನೀರು ಎಷ್ಟು ಕೆಂಪಾಗಿದೆ, ಡಿಸೆಂಬರ್‌ನ ಸಂಜೆ ಎತ್ತರದ ಹುಲ್ಲಿಗೆ ಗಿಡುಗಗಳು ಇಳಿಯುತ್ತವೆಯೇ ಎಂಬುದನ್ನು ದನಗಾಹಿಗಳೇ ಗುರುತಿಸಬಲ್ಲರು. ಹುಲ್ಲಿನ ಬದಲಾವಣೆ ಎರಡು ಮುಂಗಾರುಗಳಲ್ಲಿ ಕಾಣಿಸುತ್ತದೆ. ಹಕ್ಕಿಗಳ ಲೆಕ್ಕಕ್ಕೆ ಹೆಚ್ಚು ವರ್ಷ ಬೇಕು, ಮತ್ತು ಬರಗಾಲದ ಒಂದು ವರ್ಷವನ್ನು ನೋಡಿ ತೀರ್ಮಾನಿಸಬಾರದು.